ಮಗಳಿಗೆ ಸೈಕಲ್: 24 ಇಂಚೋ 26 ಇಂಚೋ? ‘ಬೆಳೆಯೋ ಮಗು’ ಅಂತ ದೊಡ್ಡದೇ ತಗೋಬೇಕಾ?

ನಾಲೆ ಏರಿ (ಮಂಡ್ಯ):
ಮಗಳು ಈ ವರ್ಷ 8ನೇ ಕ್ಲಾಸು. ಎತ್ತರ 148 ಸೆಂ.ಮೀ. ಸ್ಕೂಲು 5 ಕಿ.ಮೀ. ಆಗುತ್ತೆ. ಅರ್ಧ ದಾರಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲಿನ ಮಣ್ಣುರಸ್ತೆ, ಮಿಕ್ಕಿದ್ದು ಟಾರು. ಒಂದು ಅಂಗಡಿಯವರು 26 ಇಂಚಿನ ಚಕ್ರ, 18 ಇಂಚಿನ ಫ್ರೇಮ್ ಇರೋ ಎಂ.ಟಿ.ಬಿ. (ಮೌಂಟನ್ ಬೈಕ್) ತೋರಿಸಿ, ‘ಬೆಳೆಯೋ ಮಗು, ಪಿಯುಸಿವರೆಗೂ ಬರುತ್ತೆ’ ಅಂದರು. ಇನ್ನೊಂದು ಅಂಗಡಿಯವರು 24 ಇಂಚೇ ಸರಿ ಅಂತಾರೆ. 18 ಇಂಚಿನದ್ರ ಮೇಲೆ ಕೂರಿಸಿ ನೋಡಿದ್ವಿ. ಸೀಟು ಪೂರ್ತಿ ಇಳಿಸಿದ್ರೂ, ಒಂದು ಕಡೆ ವಾಲಿದ್ರೆ ಒಂದು ಕಾಲಿನ ಹೆಬ್ಬೆರಳು ಮಾತ್ರ ನೆಲಕ್ಕೆ ಸಿಗುತ್ತೆ. ಕೈ ಎರಡೂ ಕೋಲಿನ ಹಾಗೆ ನೆಟ್ಟಗಾಗುತ್ತೆ. ಬಜೆಟ್ 9 ಸಾವಿರದೊಳಗೆ. ಯಾವುದು ತಗೊಳ್ಳೋದು?

ಕಬ್ಬಿನ ಗದ್ದೆ:
ದೊಡ್ಡದೇ ತಗೊಳ್ಳಿ ಅಕ್ಕ. ಈ ವಯಸ್ಸಿನಲ್ಲಿ ಮಕ್ಕಳು ಬೇಗ ಬೆಳೀತಾರೆ. 24 ಇಂಚಿನದು ತಗೊಂಡ್ರೆ 10ನೇ ಕ್ಲಾಸಿಗೆ ಇನ್ನೊಂದು ತರಬೇಕು. 2006-07ರಿಂದ ಸರ್ಕಾರ 8ನೇ ಕ್ಲಾಸಿನವರಿಗೆ ಸೈಕಲ್ ಕೊಡ್ತಾ ಬಂತಲ್ಲ, ಆಗೇನು ಒಬ್ಬೊಬ್ಬರ ಅಳತೆ ತಗೊಂಡು ಕೊಟ್ರಾ? ಎಲ್ಲರೂ ಓಡಿಸಲಿಲ್ವಾ?

ಸ್ಪೋಕು ನಿಪ್ಪಲ್ (ಮೈಸೂರು, ರಿಪೇರಿ):
ಓಡಿಸಿದ್ರು, ನಿಜ. ಆದ್ರೆ ಹುಡುಗಿಯರಿಗೆ ಕೊಟ್ಟ ಆ ಸೈಕಲ್ಲಿನ ಆಕಾರ ನೆನಪು ಮಾಡ್ಕೊಳ್ಳಿ. ಮಧ್ಯದ ಬಾರು ಕೆಳಗೆ ಬಾಗಿರ್ತಿತ್ತು, ಹ್ಯಾಂಡಲ್ಲು ಸವಾರರ ಕಡೆಗೆ ತಿರುಗಿ ಬರ್ತಿತ್ತು. ಹಾಗಾಗಿ ಕೈ ಚಾಚೋ ದೂರ ಕಮ್ಮಿ. ಫ್ರೇಮು ಒಂದು ಸೈಜು ದೊಡ್ಡದಾದ್ರೂ ಅದು ತಡ್ಕೊಳ್ತಿತ್ತು. ಎಂ.ಟಿ.ಬಿ. ಹ್ಯಾಂಡಲ್ಲು ಹಲಗೆ ಥರ ನೇರ, ಮುಂದಕ್ಕೆ ಚಾಚಿರುತ್ತೆ. ಅದರಲ್ಲಿ ಒಂದು ಸೈಜು ದೊಡ್ಡದಾದ್ರೆ ಮಗು ಬ್ರೇಕಿಗೆ ಕೈ ಹಾಕೋಕೆ ಸೀಟಿನ ಮೂತಿಗೆ ಜಾರ್ಕೊಂಡು ಬರ್ಬೇಕಾಗುತ್ತೆ.

ಮೊದಲು ಒಂದು ವಿಷಯ. 24, 26 ಅನ್ನೋದು ಚಕ್ರದ ಅಳತೆ, ಸವಾರರ ಅಳತೆ ಅಲ್ಲ. 26 ಇಂಚಿನ ಚಕ್ರಕ್ಕೆ 15 ಇಂಚಿನ ಫ್ರೇಮೂ ಇದೆ, 19 ಇಂಚಿನದೂ ಇದೆ. ಕೇಳಬೇಕಾಗಿರೋದು ಫ್ರೇಮಿನ ಅಳತೆ: ಪೆಡಲ್ ಆಕ್ಸಲ್ (ಎರಡೂ ಕಡೆಯ ಪೆಡಲ್ ಕೋಲುಗಳನ್ನ ಹಿಡಿದಿರೋ ನಡುವಿನ ಅಚ್ಚು) ಕೂರೋ ಗುಂಡಿಯ ಮಧ್ಯದಿಂದ ಸೀಟ್ ಪೈಪಿನ ಬಾಯಿವರೆಗೆ. ಸ್ಟಿಕ್ಕರ್ ನಂಬಬೇಡಿ, ಟೇಪ್ ಹಿಡೀರಿ.

ಚಾಮುಂಡಿ ಏರು:
ಅಷ್ಟೆಲ್ಲ ಯಾಕೆ? ಒಳಕಾಲಿನ ಅಳತೆ ತಗೊಂಡು 0.883ರಿಂದ ಗುಣಿಸಿ. ಪೆಡಲ್ ಆಕ್ಸಲ್ ಮಧ್ಯದಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ ಸಿಗುತ್ತೆ. ಅಮೆರಿಕದ ಸೈಕಲ್ ರೇಸರ್ ಗ್ರೆಗ್ ಲೆಮಾಂಡ್ ಹೆಸರಲ್ಲಿ ಚಾಲ್ತಿಯಲ್ಲಿರೋ ಲೆಕ್ಕ ಇದು. ಬೆಟ್ಟ ಹತ್ತೋರೆಲ್ಲ ಇದನ್ನೇ ಇಟ್ಕೊಳ್ಳೋದು.

ನಾಲೆ ಏರಿ:
ಒಳಕಾಲಿನ ಅಳತೆ ಅಂದ್ರೆ ಪ್ಯಾಂಟಿನ ಅಳತೆನಾ? ಹೇಗೆ ತಗೊಳ್ಳೋದು?

ಕುಕ್ಕರಹಳ್ಳಿ ಸುತ್ತು:
ಪ್ಯಾಂಟಿನ ಅಳತೆ ಅಲ್ಲ ಮೇಡಂ, ಅದು ಯಾವಾಗಲೂ ಕಮ್ಮಿ ಬರುತ್ತೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ಪಾದಗಳ ಮಧ್ಯೆ ಒಂದು ಗೇಣಿಗಿಂತ ಸ್ವಲ್ಪ ಕಮ್ಮಿ ಅಂತರ ಇರಲಿ. ರಟ್ಟಿನ ನೋಟ್‌ಬುಕ್ಕಿನ ಒಂದು ಅಂಚನ್ನ ಗೋಡೆಗೆ ಒರಗಿಸಿ, ಕಾಲ ಸಂದಿಗೆ ಮೇಲಕ್ಕೆ ಎಳ್ಕೊಳ್ಳೋಕೆ ಹೇಳಿ. ಸುಮ್ಮನೆ ತಾಗಿಸಿದ್ರೆ ಸಾಲದು, ಸೀಟಿನ ಮೇಲೆ ಕೂತಾಗ ಎಷ್ಟು ಒತ್ತುತ್ತೋ ಅಷ್ಟು ಒತ್ತಬೇಕು. ಪುಸ್ತಕದ ಮೇಲಂಚಿಗೆ ಗೋಡೆಮೇಲೆ ಪೆನ್ಸಿಲ್ ಗೀಟು ಹಾಕಿ ನೆಲದಿಂದ ಅಳೀರಿ. ಮೂರು ಸಲ ಮಾಡಿ. ಒಂದು ಸೆಂ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ಪುಸ್ತಕ ಓರೆಯಾಗಿದೆ ಅಂತ.

ನಾಲೆ ಏರಿ:
ಮೂರು ಸಲವೂ 68ರ ಆಸುಪಾಸಲ್ಲೇ ಬಂತು.

ಚಾಮುಂಡಿ ಏರು:
ಹಾಗಾದ್ರೆ 68 × 0.883 = 60 ಸೆಂ.ಮೀ. ಅಲ್ಲಿಗೆ ಸೀಟು ನಿಲ್ಲಿಸಿ.

ಕುಕ್ಕರಹಳ್ಳಿ ಸುತ್ತು:
ದಯವಿಟ್ಟು ನಿಲ್ಲಿಸಬೇಡಿ, ಮೊಣಕಾಲ ಹಿಂಭಾಗ ನೋವು ಬರುತ್ತೆ. ಕಾರಣ ಹೇಳ್ತೀನಿ. 0.883ರಲ್ಲಿ ಕ್ರ್ಯಾಂಕಿನ (ಪೆಡಲ್ ಹಿಡಿದಿರೋ ಕೋಲಿನ) ಉದ್ದ ಲೆಕ್ಕಕ್ಕೇ ಬರಲ್ಲ. ದೊಡ್ಡವರ ಕಾಲಿಗೆ, 170 ಮಿ.ಮೀ. ಆಸುಪಾಸಿನ ಕ್ರ್ಯಾಂಕಿಗೆ ಅದು ಹೊಂದುತ್ತೆ. ಕಾಲು ಗಿಡ್ಡ ಆದಷ್ಟೂ ಲೆಕ್ಕ ತಪ್ಪುತ್ತೆ.

ಪೆಡಲ್‌ವರೆಗಿನ ದೂರದಿಂದ ನೋಡಿ. 1967ರಲ್ಲಿ ಹ್ಯಾಮ್ಲಿ ಮತ್ತು ಥಾಮಸ್ ಅನ್ನೋ ಸಂಶೋಧಕರು ಕೊಟ್ಟ ಅಳತೆ ಒಳಕಾಲಿನ ಶೇಕಡ 109: ಕೆಳಗಿನ ಪೆಡಲ್‌ನಿಂದ ಸೀಟಿನ ಮೇಲಿನವರೆಗೆ, ಕ್ರ್ಯಾಂಕು ಸೀಟ್ ಪೈಪಿನ ನೇರಕ್ಕೆ ಇಟ್ಟು ಅಳೆಯೋದು. ಒಳಕಾಲು 80 ಇರೋರಿಗೆ 109ರ ಲೆಕ್ಕದಲ್ಲಿ 87.2. ನಿಮ್ಮ ಲೆಕ್ಕದಲ್ಲಿ 70.6, ಜೊತೆಗೆ 17 ಸೆಂ.ಮೀ. ಕ್ರ್ಯಾಂಕು, ಒಟ್ಟು 87.6. ಎರಡೂ ಒಂದೇ. ಈ ಹುಡುಗಿಗೆ 109ರಲ್ಲಿ 74.1, ನಿಮ್ಮದರಲ್ಲಿ 60 ಜೊತೆಗೆ 17, ಅಂದ್ರೆ 77. ಮೂರು ಸೆಂ.ಮೀ. ಜಾಸ್ತಿ! ಸೀಟಿನ ವಿಚಾರದಲ್ಲಿ ಮೂರು ಸೆಂ.ಮೀ. ಸಣ್ಣದಲ್ಲ. ಅವಳಿಗೆ 170ರ ಕ್ರ್ಯಾಂಕಿದ್ರೆ ಸೀಟು 57, 152ರ ಕ್ರ್ಯಾಂಕಿದ್ರೆ 59.

ಚಾಮುಂಡಿ ಏರು:
ಲೆಕ್ಕ ಹಾಕಿ ನೋಡಿದೆ, ಸರಿಯಾಗಿದೆ. ಮಕ್ಕಳಿಗೆ 0.883 ಬಳಸಬಾರದು ಅನ್ನೋದು ಒಪ್ಪಿದೆ. ಆದ್ರೆ ಸೀಟು ಹಿಂದೆ ಮುಂದೆ ಸರಿಸೋಕೆ ತೂಗುದಾರ ಬಿಟ್ಟೇ ನೋಡ್ಬೇಕು: ಪೆಡಲ್ ಮುಂದಕ್ಕೆ, ನೆಲಕ್ಕೆ ಸಮ ಇದ್ದಾಗ ಮೊಣಕಾಲ ಚಿಪ್ಪಿನ ಕೆಳಗಿಂದ ಬಿಟ್ಟ ದಾರ ಆ ಪೆಡಲ್‌ನ ನಟ್ಟನಡುವಿಗೆ ಬರಬೇಕು.

ಕುಕ್ಕರಹಳ್ಳಿ ಸುತ್ತು:
ಶುರು ಮಾಡೋಕೆ ಒಳ್ಳೆ ಗುರುತು, ಅಷ್ಟೇ. ಅದು ನಿಯಮ ಅಲ್ಲ. ದಾರಕ್ಕೆ ಒಂದು ನಟ್ಟು ಕಟ್ಟಿದ್ರೆ ಆಯ್ತು. ಕೈ ನಿಲುಕಲಿಲ್ಲ ಅಂತ ಮಾತ್ರ ಸೀಟು ಮುಂದಕ್ಕೆ ತಳ್ಳಬೇಡಿ. ಹಾಗೆ ಮಾಡಿದ್ರೆ ಮೊಣಕಾಲ ಮುಂಭಾಗಕ್ಕೆ ಭಾರ ಬೀಳುತ್ತೆ.

ಸ್ಪೋಕು ನಿಪ್ಪಲ್:
ಲೆಕ್ಕ ಆದ ಮೇಲೆ ಹಿಮ್ಮಡಿ ಪರೀಕ್ಷೆ ಮಾಡಿ. ದಿನಾ ಹಾಕೋ ಶೂ ಹಾಕಿಸಿ, ಸೈಕಲ್ ಹಿಡ್ಕೊಂಡು ಹಿಮ್ಮಡಿಯನ್ನ ಪೆಡಲ್ ಮೇಲಿಡಿಸಿ ಹಿಂದಕ್ಕೆ ತುಳಿಸಿ. ಕೆಳಗೆ ಬಂದಾಗ ಕಾಲು ಪೂರ್ತಿ ನೆಟ್ಟಗಾಗಬೇಕು, ಸೊಂಟ ಅಲ್ಲಾಡಬಾರದು. ಆಮೇಲೆ ಪಾದದ ಮುಂಭಾಗ ಪೆಡಲ್ ಮೇಲೆ ಬಂದ್ರೆ ಮೊಣಕಾಲಲ್ಲಿ ಬೇಕಾದಷ್ಟು ಬಾಗು ತಾನಾಗೇ ಉಳಿಯುತ್ತೆ. ಹಿಂದೆ ನಿಂತು ನೋಡಿ. ಸೊಂಟ ತಕ್ಕಡಿ ಥರ ಆ ಕಡೆ ಈ ಕಡೆ ತೂಗಿದ್ರೆ ಸೀಟು ಎತ್ತರ ಆಗಿದೆ. ಅರ್ಧ ಸೆಂ.ಮೀ. ಇಳಿಸಿ, ಮತ್ತೆ ನೋಡಿ.

ನಾಲೆ ಏರಿ:
ಆದ್ರೆ ಕಾಲು ನೆಲಕ್ಕೆ ಸಿಗಲ್ವಲ್ಲ? ಬೀಳಲ್ವಾ?

ಕುಕ್ಕರಹಳ್ಳಿ ಸುತ್ತು:
ಎಲ್ಲರೂ ತಪ್ಪು ಮಾಡೋ ಜಾಗವೇ ಇದು. ಪೆಡಲ್ ಆಕ್ಸಲ್ ನೆಲದಿಂದ ಸುಮಾರು 28 ಸೆಂ.ಮೀ. ಮೇಲಿರುತ್ತೆ. ಅದರ ಮೇಲೆ 57 ಅಂದ್ರೆ ಸೀಟು 85ರ ಹತ್ತಿರ. ಕಾಲು 68. ಸೀಟಿನ ಮೇಲೆ ಕೂತು ಪಾದ ಊರೋಕೆ ಯಾವ ಸರಿಯಾದ ಸೈಕಲ್ಲಿನಲ್ಲೂ ಆಗಲ್ಲ. ಊರಬೇಕು ಅಂತ ಸೀಟು ಇಳಿಸಿದ್ರೆ ಮೊಣಕಾಲು ಎದೆ ಕಡೆಗೆ ಬರುತ್ತೆ, ಎರಡು ಕಿ.ಮೀ.ಗೆ ತೊಡೆ ಸೋಲುತ್ತೆ. ನಿಲ್ಲಿಸುವಾಗ ಬ್ರೇಕ್ ಹಿಡಿದು, ಒಂದು ಪೆಡಲ್ ಕೆಳಗಿಟ್ಟು ಅದರ ಮೇಲೆ ಭಾರ ಹಾಕಿ, ಸೀಟಿಂದ ಮುಂದಕ್ಕೆ ಇಳಿದು ಇನ್ನೊಂದು ಕಾಲು ಊರೋದು. ಇದನ್ನ ಖಾಲಿ ಮೈದಾನದಲ್ಲಿ ಇಪ್ಪತ್ತು ಸಲ ಮಾಡಿಸಿ. ಮೊದಲ ಎರಡು ವಾರ ಸೀಟು 2-3 ಸೆಂ.ಮೀ. ತಗ್ಗಿಸಿಟ್ಟರೆ ತಪ್ಪೇನಿಲ್ಲ.

ಹಾಗಾಗಿ 18 ಇಂಚಿನದ್ರಲ್ಲಿ ಹೆಬ್ಬೆರಳು ಮಾತ್ರ ಸಿಕ್ಕಿದ್ದು ದೋಷ ಅಲ್ಲ. ಕೈ ಕೋಲಾಗಿದ್ದು ದೋಷ. ಮೊಣಕೈ ಸ್ವಲ್ಪ ಬಾಗಿರಬೇಕು. ಇಲ್ಲದಿದ್ರೆ ರಸ್ತೆ ಗುಂಡಿಯ ಹೊಡೆತ ನೇರ ಭುಜಕ್ಕೆ ಹೋಗುತ್ತೆ, ಅಂಗೈ ಜೋಮು ಹಿಡಿಯುತ್ತೆ.

ಕಬ್ಬಿನ ಗದ್ದೆ:
ಸರಿ ಬುಡಿ, ಕೈ ದೂರ ಆದ್ರೆ ಸ್ಟೆಮ್ (ಹ್ಯಾಂಡಲ್ಲನ್ನ ಮುಂದಕ್ಕೆ ಹಿಡಿದಿರೋ ತುಂಡು) ಗಿಡ್ಡದು ಹಾಕ್ಸಿದ್ರಾಯ್ತು. ಬೆಳೆದ ಮೇಲೆ ಹಳೇದು ಹಾಕ್ಸೋದು.

ಸ್ಪೋಕು ನಿಪ್ಪಲ್:
ಅಣ್ಣ, ಸ್ಟೆಮ್ಮಲ್ಲಿ ಎರಡು-ಮೂರು ಸೆಂ.ಮೀ. ಸಿಗಬಹುದು. ಮಧ್ಯದ ಬಾರಿನ ಎತ್ತರ ಏನು ಮಾಡ್ತೀರಿ? ಬಾರಿನ ಮೇಲೆ ಕಾಲು ಅಗಲಿಸಿ ನಿಂತಾಗ 3ರಿಂದ 5 ಸೆಂ.ಮೀ. ಸಂದಿ ಇರಬೇಕು. ನಾಲೆ ಏರಿ ಮೇಲೆ ಎದುರಿಗೆ ಟ್ರ್ಯಾಕ್ಟರ್ ಬಂದು ಗಕ್ಕನೆ ಇಳಿಯಬೇಕಾದಾಗ ಆ ಸಂದಿಯೇ ಕಾಪಾಡೋದು.

ಇನ್ನು ‘ಬೆಳೆಯೋ ಮಗು’ ವಿಚಾರ. ಸಣ್ಣ ಫ್ರೇಮನ್ನ ಬೆಳೆಸಬಹುದು, ದೊಡ್ಡದನ್ನ ಕುಗ್ಗಿಸೋಕಾಗಲ್ಲ. 16 ಇಂಚು ಅಂದ್ರೆ 40.6 ಸೆಂ.ಮೀ. 300 ಮಿ.ಮೀ. ಸೀಟ್ ಪಿಲ್ಲರ್‌ನಲ್ಲಿ (ಸೀಟು ಹೊತ್ತಿರೋ ಕೊಳವೆಯಲ್ಲಿ) 8 ಸೆಂ.ಮೀ. ಒಳಗೆ ಬಿಟ್ರೂ 22 ಹೊರಗೆ ಬರುತ್ತೆ. ಸೀಟಿನ ದಪ್ಪ 5. ಒಟ್ಟು 67-68. ಈಗ ಬೇಕಾಗಿರೋದು 57. ಅಂದ್ರೆ ಇನ್ನೂ ಹತ್ತು ಸೆಂ.ಮೀ. ಇದೆ, ಒಳಕಾಲು 77 ಆಗೋವರೆಗೂ ಸಾಕು. 24 ಇಂಚಿನ ಸೈಕಲ್ಲಿಗೆ 14 ಇಂಚಿನ ಫ್ರೇಮ್ ಇದ್ರೆ 152ರ ಕ್ರ್ಯಾಂಕಲ್ಲಿ ಒಳಕಾಲು 71ಕ್ಕೇ ಮುಗೀತು, ಒಂದೂವರೆ ವರ್ಷವೂ ಬರಲ್ಲ. ಆದ್ದರಿಂದ ಇಬ್ಬರು ಅಂಗಡಿಯವರ ಮಾತೂ ಬೇಡ. 26 ಇಂಚಿನ ಚಕ್ರ, 15-16 ಇಂಚಿನ ಫ್ರೇಮು, ಬಾಗಿದ ಬಾರು.

ಪಿಲ್ಲರ್ ಎತ್ತುವಾಗ ಅದರ ಮೇಲಿನ ಅಡ್ಡಗೆರೆ ಫ್ರೇಮಿನೊಳಗೇ ಇರಬೇಕು. ಗೆರೆ ಹೊರಗೆ ಬಂದ್ರೆ ಪೈಪಿನ ಬಾಯಿ ಬಿರುಕು ಬಿಡುತ್ತೆ. ಹೊಸ ಪಿಲ್ಲರ್ ತರೋವಾಗ ಹಳೇದನ್ನ ಕೈಯಲ್ಲಿ ಹಿಡ್ಕೊಂಡೇ ಹೋಗಿ. ದಪ್ಪ 25.4 ಮಿ.ಮೀ.ಗೂ 27.2ಕ್ಕೂ ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ.

ಮದ್ದೂರು ಲೈನ್:
ಯೂನಿಫಾರ್ಮ್ ಚೂಡಿದಾರ ಆದ್ರೆ ಪೂರ್ತಿ ಚೈನ್ ಕವರ್, ಹಿಂದಿನ ಚಕ್ರಕ್ಕೆ ಡ್ರೆಸ್ ಗಾರ್ಡ್ ಹಾಕಿಸಲೇಬೇಕು. ವೇಲ್ ಸ್ಪೋಕಿಗೆ ಸುತ್ತಿಕೊಂಡ್ರೆ ಕುತ್ತಿಗೆಗೇ ಬರುತ್ತೆ. ಅದನ್ನ ಸೊಂಟಕ್ಕೆ ಕಟ್ಟಿಸಿ. ಬ್ಯಾಗು ಬೆನ್ನ ಮೇಲಲ್ಲ, ಕ್ಯಾರಿಯರ್ ಮೇಲೆ, ಹಳೇ ಟ್ಯೂಬ್ ರಬ್ಬರಿಂದ ಎರಡು ಸುತ್ತು ಬಿಗಿದು ತುದಿ ಒಳಗೆ ಸಿಕ್ಕಿಸಿ. ಎಂ.ಟಿ.ಬಿ.ಗೆ ಕ್ಯಾರಿಯರ್ ಬೇರೆ ಹಾಕಿಸ್ಬೇಕಾಗುತ್ತೆ, ಆ ದುಡ್ಡೂ ಸೇರಿಸ್ಕೊಳ್ಳಿ. ಕಬ್ಬು ಅರೆಯೋ ಕಾಲದಲ್ಲಿ ಹಿಂದೆ ಕೆಂಪು ರಿಫ್ಲೆಕ್ಟರ್ ಇರಲಿ. ಕಬ್ಬಿನ ಟ್ರೈಲರ್ ಹಿಡ್ಕೊಂಡು ಹೋಗೋ ಅಭ್ಯಾಸ ಮಾತ್ರ ಮೊದಲ ದಿನದಿಂದಲೇ ಬೇಡ ಅನ್ನಿ.

ಚಾಮುಂಡಿ ಏರು:
ಏರಿ ಹತ್ತೋಕೆ ಗೇರ್ ಬೇಕಲ್ವಾ? ಮುಂದೆ ಸಸ್ಪೆನ್ಷನ್ನೂ ಇದ್ರೆ ಮಣ್ಣುರಸ್ತೆಗೆ ಒಳ್ಳೇದು.

ಸ್ಪೋಕು ನಿಪ್ಪಲ್:
ಈ ಬೆಲೆಯಲ್ಲಿ ಎರಡೂ ಬೇಡ. ಅಗ್ಗದ ಸಸ್ಪೆನ್ಷನ್ ಭಾರ ಸೇರಿಸುತ್ತೆ, 40 ಕಿಲೋ ಹುಡುಗಿ ಕೂತ್ರೆ ಅದರ ಸ್ಪ್ರಿಂಗು ಕದಲೋದೂ ಇಲ್ಲ. ನಾಲೆ ಧೂಳಿಗೆ ಗೇರಿನ ಚೈನು ಬೇಗ ಸವೆಯುತ್ತೆ. ಒಂದೇ ಗೇರಿನದು ತಗೊಂಡು ಫ್ರೀವೀಲ್ (ಹಿಂದಿನ ಹಲ್ಲುಚಕ್ರ) ಬದಲಾಯಿಸಿ. ಮುಂದೆ 44, ಹಿಂದೆ 18 ಹಲ್ಲಿದ್ರೆ 20 ಹಲ್ಲಿನದು ಹಾಕಿಸಿ. ತುಳಿತ ಶೇಕಡ ಹತ್ತರಷ್ಟು ಹಗುರ ಆಗುತ್ತೆ. ಹಿಂದಿನ ಚಕ್ರ ಕಾಲಿಂಚು ಮುಂದೆ ಸರಿಯುತ್ತೆ. ಅಷ್ಟು ಜಾಗ ಇಲ್ಲದಿದ್ರೆ ಮಾತ್ರ ಚೈನಿಗೆ ಕೊಂಡಿ ಸೇರಿಸ್ಬೇಕು. ಮೆತ್ತಗಿರೋಕೆ ಗಾಳಿ ಸಾಕು: 26 × 2.1 ಟೈರಾದ್ರೆ 35 ಪಿ.ಎಸ್.ಐ., ಟೈರ್ ಗೋಡೆ ಮೇಲೆ ಅಚ್ಚಾಗಿರೋ ಮಿತಿಯೊಳಗೆ. ಜಾಲಿಮುಳ್ಳು ಇರೋ ದಾರಿ, ಗಾಳಿ ತೀರಾ ಕಮ್ಮಿನೂ ಮಾಡ್ಬೇಡಿ.

ನಾಲೆ ಏರಿ:
16 ಇಂಚಿನ ಫ್ರೇಮಿನ, ಒಂದೇ ಗೇರಿನದು ಮೈಸೂರಲ್ಲಿ ಸಿಕ್ತು. ಬಾರಿನ ಸಂದಿ 4 ಸೆಂ.ಮೀ. ಇದೆ. ಕ್ರ್ಯಾಂಕಿನ ಒಳಬದಿ 170 ಅಂತ ಅಚ್ಚಿದೆ. ಬದಲಾಯಿಸ್ಬೇಕಾ? ಬ್ರೇಕ್ ಹಿಡಿಯೋಕೆ ಬೆರಳ ತುದಿ ಮಾತ್ರ ಸಿಗುತ್ತೆ.

ಕುಕ್ಕರಹಳ್ಳಿ ಸುತ್ತು:
152 ಅಥವಾ 160 ಸಿಕ್ಕಿದ್ರೆ ಹಾಕಿಸಿ, ಮೊಣಕಾಲಿಗೆ ನಿಜಕ್ಕೂ ಹಗುರ. ಕ್ರ್ಯಾಂಕ್ ಎಷ್ಟು ಗಿಡ್ಡ ಆಯ್ತೋ ಸೀಟು ಅಷ್ಟೇ ಎತ್ತರಿಸ್ಬೇಕು. ಸಿಗದಿದ್ರೆ 170 ಇರಲಿ, ಸೀಟು 57ಕ್ಕೇ ಇಡಿ.

ಚಾಮುಂಡಿ ಏರು:
ನನ್ನ ಪ್ರಕಾರ 170ಕ್ಕೆ ಹೊಂದಿಕೊಳ್ತಾಳೆ, ಎರಡು ವರ್ಷದಲ್ಲಿ ಅದೇ ಬೇಕಾಗುತ್ತೆ. ಆ ದುಡ್ಡಿಗೆ ಒಳ್ಳೆ ಬ್ರೇಕ್ ರಬ್ಬರ್ ಹಾಕಿಸಿ.

ಸ್ಪೋಕು ನಿಪ್ಪಲ್:
ಕ್ರ್ಯಾಂಕ್ ಆಮೇಲೆ ನೋಡ್ಕೊಳ್ಳಿ, ಬ್ರೇಕ್ ಇವತ್ತೇ ಆಗಬೇಕು. ಲಿವರ್ ಬುಡದಲ್ಲಿ ಸಣ್ಣ ಸ್ಕ್ರೂ ಇದೆಯಾ ನೋಡಿ. ಬಲಕ್ಕೆ ತಿರುಗಿಸಿದ್ರೆ ಲಿವರ್ ಹಿಡಿ ಕಡೆಗೆ ಬರುತ್ತೆ. ತೋರುಬೆರಳಿನ ಮೊದಲ ಗೆಣ್ಣು ಲಿವರ್ ಮೇಲೆ ಕೂರಬೇಕು. ಆಮೇಲೆ ಕೇಬಲ್ ಬಿಗಿ ಮಾಡಿಸಿ. ಪೂರ್ತಿ ಒತ್ತಿದ್ರೂ ಲಿವರ್ ಹಿಡಿಗೆ ತಾಗಬಾರದು. ಸ್ಕ್ರೂ ಇಲ್ಲದಿದ್ರೆ ಲಿವರ್ ಜೋಡಿಯನ್ನೇ ಬದಲಾಯಿಸಿ.

ಅಂಗಡಿಯಿಂದ ಹೊರಡೋ ಮುಂಚೆ ಇನ್ನು ಮೂರು ನೋಡಿ. ಫೋರ್ಕು (ಮುಂದಿನ ಚಕ್ರ ಹಿಡಿದಿರೋ ಕವಲು) ಕೆಲವು ಸಲ ಹಿಂದುಮುಂದಾಗಿ ಕೂರಿಸಿರ್ತಾರೆ. ಅದರ ತುದಿ ಮುಂದಕ್ಕೆ ಚಾಚಿರಬೇಕು, ಮುಂದಿನ ಬ್ರೇಕು ಫೋರ್ಕಿನ ಮುಂಭಾಗದಲ್ಲಿರಬೇಕು. ಎಡ ಪೆಡಲ್‌ಗೆ ಉಲ್ಟಾ ಥ್ರೆಡ್ಡು, ಎಡಕ್ಕೆ ತಿರುಗಿಸಿದ್ರೆ ಬಿಗಿಯಾಗೋದು. ಓರೆಯಾಗಿ ಕೂತಿದ್ರೆ ಪಾನಾ ಹಾಕೋಕೆ ಬಿಡಬೇಡಿ, ಬಿಚ್ಚಿಸಿ ಕೈಯಲ್ಲೇ ಹತ್ತಿಸಿ. ಬಿಲ್ಲಿನಲ್ಲಿ ಫ್ರೇಮ್ ನಂಬರ್ ಬರೆಸಿ, ಅದು ಪೆಡಲ್ ಗುಂಡಿಯ ತಳದಲ್ಲೋ ಸೀಟ್ ಪೈಪಿನ ಮೇಲೋ ಇರುತ್ತೆ. ಹೊಸ ಚಕ್ರದ ಸ್ಪೋಕುಗಳು ಮೊದಲ ಎರಡು-ಮೂರು ವಾರದಲ್ಲಿ ಸಡಿಲ ಆಗ್ತವೆ. ಚಕ್ರ ತಿರುಗಿಸಿ ಬ್ರೇಕ್ ರಬ್ಬರಿನ ಹತ್ತಿರ ರಿಮ್ ಅಲ್ಲಾಡೋದು ಕಂಡ್ರೆ ತಂದು ಬೆಂಡ್ ತೆಗೆಸಿ, ಅದೇ ಹೊತ್ತಿಗೆ ಕ್ರ್ಯಾಂಕ್ ಬೋಲ್ಟೂ ಇನ್ನೊಂದು ಸಲ ಬಿಗಿ ಮಾಡಿಸ್ಕೊಳ್ಳಿ.