ಆಸಿಡ್ ಹಾಕಿ ಕುದಿಸಿದರೂ ಸಕ್ಕರೆಗೆ ಬೆನೆಡಿಕ್ಟ್ ಬಣ್ಣ ಬರುತ್ತಿಲ್ಲ, ಎಲ್ಲಿ ತಪ್ಪಿದೆ?

ಹೈಸ್ಕೂಲ್ ಮಿಸ್:
ನಮಸ್ಕಾರ. ಮಂಡ್ಯ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮೊನ್ನೆ ಮಕ್ಕಳಿಗೆ ಬೆನೆಡಿಕ್ಟ್ ಪರೀಕ್ಷೆ ತೋರಿಸಿದೆ, ಅಂದರೆ ಗ್ಲೂಕೋಸ್‌ನಂಥ ಸಿಹಿ ಇದೆಯಾ ಅಂತ ಬೆನೆಡಿಕ್ಟ್ ಅನ್ನುವ ನೀಲಿ ದ್ರಾವಣದ ಜೊತೆ ಕಾಯಿಸಿ ಬಣ್ಣ ಬದಲಾಗುವುದನ್ನು ನೋಡುವುದು. ಗ್ಲೂಕೋಸ್ ಪುಡಿ ಬೇಗನೆ ಇಟ್ಟಿಗೆ ಕೆಂಪಾಯಿತು, ಜೇನುತುಪ್ಪವೂ ಅಷ್ಟೇ. ಮಕ್ಕಳು ಮನೆಯಿಂದ ತಂದ ಬೆಲ್ಲ ಮೊದಲು ಹಸಿರಾಗಿ, ಹಳದಿಗೆ ತಿರುಗಿ, ಕಿತ್ತಳೆ ಬಣ್ಣದಲ್ಲಿ ನಿಂತಿತು. ಸಕ್ಕರೆ ಮಾತ್ರ ನೀಲಿಯಾಗೇ ಉಳಿಯಿತು. ಇಲ್ಲಿಯವರೆಗೆ ಸರಿ. "ಅಷ್ಟು ಸಿಹಿ ಇದ್ರೂ ಯಾಕೆ ಮಿಸ್ ಬಣ್ಣ ಬರಲ್ಲ?" ಅಂತ ಒಬ್ಬಳು ಕೇಳಿದಳು. ಸಕ್ಕರೆಯನ್ನು ಒಡೆದು ತೋರಿಸೋಣ ಅಂತ, ಅದರ ನೀರಿಗೆ ತೆಳು ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ಐದು ನಿಮಿಷ ಕುದಿಸಿ, ಅದಕ್ಕೇ ಬೆನೆಡಿಕ್ಟ್ ಹಾಕಿದೆ. ಬುಸುಬುಸು ಅಂತ ಗುಳ್ಳೆ ಬಂತು. ಮತ್ತೆ ಕಾಯಿಸಿದರೂ ಕೆಂಪು ಬರಲಿಲ್ಲ. ಮಕ್ಕಳ ಮುಂದೆ ಬಹಳ ಬೇಸರವಾಯಿತು. ದ್ರಾವಣ ಹಳೆಯದಾಗಿದೆಯಾ?

ಪಿಯು ಲ್ಯಾಬ್:
ದ್ರಾವಣ ಹಳೆಯದಲ್ಲ ಮೇಡಂ, ಅದೇ ಬಾಟಲಿಯಲ್ಲಿ ಗ್ಲೂಕೋಸ್ ಕೆಂಪಾಯಿತಲ್ವಾ. ಆ ಗುಳ್ಳೆಗಳಲ್ಲೇ ಉತ್ತರ ಇದೆ. ಬೆನೆಡಿಕ್ಟ್‌ನಲ್ಲಿ ತಾಮ್ರದ ಸಲ್ಫೇಟ್ ಮತ್ತು ಸೋಡಿಯಂ ಸಿಟ್ರೇಟ್ ಜೊತೆ ಸೋಡಿಯಂ ಕಾರ್ಬೊನೇಟ್ ಇರುತ್ತದೆ. ನಿಮ್ಮ ಆಸಿಡ್ ಆ ಕಾರ್ಬೊನೇಟನ್ನು ತಿಂದುಹಾಕಿತು, ಇಂಗಾಲದ ಡೈಆಕ್ಸೈಡ್ ಗುಳ್ಳೆಯಾಗಿ ಹೋಯಿತು. ಕ್ಷಾರವೇ ಇಲ್ಲದಿದ್ದರೆ ಈ ಪರೀಕ್ಷೆ ನಡೆಯುವುದಿಲ್ಲ. ಸಕ್ಕರೆ ಒಡೆದಿದ್ದರೂ ನಿಮಗೆ ಕಾಣಿಸಲಿಲ್ಲ ಅಷ್ಟೇ.

ಮುಂದಿನ ಸಲ ಕುದಿಸಿ ತಣ್ಣಗಾದ ಮೇಲೆ ಅಡುಗೆ ಸೋಡಾ ಚಿಟಿಕೆ ಚಿಟಿಕೆಯಾಗಿ ಹಾಕಿ, ನೊರೆ ನಿಲ್ಲುವ ತನಕ. ಒಟ್ಟಿಗೆ ಸುರಿದರೆ ಉಕ್ಕಿ ಕೈ ಮೇಲೆ ಬರುತ್ತದೆ. ಕೆಂಪು ಲಿಟ್ಮಸ್ ನೀಲಿಯಾದರೆ ಸಾಕು. ಆಮೇಲೆ ಅದರಲ್ಲಿ ಒಂದು ಮಿಲಿ ತೆಗೆದು ಎರಡು ಮಿಲಿ ಬೆನೆಡಿಕ್ಟ್ ಜೊತೆ, ಕುದಿಯುವ ನೀರಿನ ಪಾತ್ರೆಯಲ್ಲಿ ಇಡಿ. ನೇರ ಉರಿಗೆ ಹಿಡಿದರೆ ಚಿಮ್ಮುತ್ತದೆ, ಮಕ್ಕಳ ಕೈಗಂತೂ ಹಾಗೆ ಕೊಡಲೇಬೇಡಿ. ಇನ್ನೊಂದು ಟ್ಯೂಬಿನಲ್ಲಿ ಆಸಿಡ್ ಹಾಕದ ಸಕ್ಕರೆ ನೀರನ್ನೂ ಅಷ್ಟೇ ಹೊತ್ತು ಕುದಿಸಿ ಪಕ್ಕದಲ್ಲಿಡಿ. ಇಲ್ಲದಿದ್ದರೆ ಬರೀ ಕುದಿಸಿದ್ದಕ್ಕೇ ಬಣ್ಣ ಬಂತು ಅಂತ ಮಕ್ಕಳು ಅಂದುಕೊಳ್ಳುತ್ತಾರೆ.

ಆ ಹುಡುಗಿಗೆ ಹೀಗೆ ಹೇಳಬಹುದು. ಸಕ್ಕರೆಯ ಒಂದು ಅಣು ಅಂದರೆ ಒಂದು ಗ್ಲೂಕೋಸ್, ಒಂದು ಫ್ರಕ್ಟೋಸ್ ಕೈ ಕೈ ಹಿಡಿದು ನಿಂತಿರುವುದು. ಬೆನೆಡಿಕ್ಟ್‌ನ ತಾಮ್ರದ ಮೇಲೆ ಕೆಲಸ ಮಾಡಿ ಬಣ್ಣ ತರಬೇಕಾದ ಕೈಗಳನ್ನೇ ಎರಡೂ ಹಿಡಿದುಕೊಂಡಿವೆ. ನಾಲಿಗೆಗೆ ಸಿಹಿ ಗೊತ್ತಾಗುವುದಕ್ಕೂ ಈ ಕೈ ಖಾಲಿ ಇರುವುದಕ್ಕೂ ಸಂಬಂಧವಿಲ್ಲ.

ಆಲೆಮನೆಯವನು:
ಬೆಲ್ಲ ಯಾಕೆ ಬಣ್ಣ ಕೊಟ್ಟಿತು ಅಂತ ಯಾರೂ ಹೇಳಲಿಲ್ಲ, ಅದನ್ನು ನಾನು ಹೇಳುತ್ತೇನೆ. ನಮ್ಮ ಮನೆಯಲ್ಲಿ ಆಲೆಮನೆ ಇತ್ತು. ಕಬ್ಬಿನ ಹಾಲು ಹುಳಿ ಸ್ವಭಾವದ್ದು. ಗಾಣದಿಂದ ಬಂದ ಹಾಲನ್ನು ಹೊತ್ತು ಬಿಟ್ಟರೆ, ಅಥವಾ ಕಡಿದ ಕಬ್ಬು ಎರಡು ಮೂರು ದಿನ ಬಿದ್ದಿದ್ದರೆ, ಸಕ್ಕರೆ ತಾನೇ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಅಂಥ ಬೆಲ್ಲ ಅಚ್ಚಿನಲ್ಲಿ ಗಟ್ಟಿ ಕೂರಲ್ಲ, ಮಳೆಗಾಲದಲ್ಲಿ ನೀರು ಬಿಡುತ್ತದೆ. ಕೊಪ್ಪರಿಗೆಗೆ ಸುಣ್ಣದ ತಿಳಿ ಹಾಕುತ್ತಿದ್ದುದು ಹುಳಿ ಮುರಿಯುವುದಕ್ಕೂ ಹೌದು. ಅಂದರೆ ನೀವು ಆಸಿಡ್ ಹಾಕಿ ಮಾಡಿದ್ದು ಅಲ್ಲಿ ನಿಧಾನಕ್ಕೆ ನಡೆಯುತ್ತಿತ್ತು ಮೇಡಂ. ಗಟ್ಟಿ ಅಚ್ಚು ಬೆಲ್ಲ ಒಂದು, ನೀರಾಗಿರುವ ಜೋನಿ ಬೆಲ್ಲ ಒಂದು ತರಿಸಿ, ಒಂದೇ ತೂಕ ತೆಗೆದುಕೊಂಡು ಪಕ್ಕಪಕ್ಕ ಪರೀಕ್ಷೆ ಮಾಡಿಸಿ. ಜೋನಿಯಲ್ಲಿ ಬಣ್ಣ ಜಾಸ್ತಿ ಬರಬೇಕು.

ಹೈಸ್ಕೂಲ್ ಮಿಸ್:
ಇಬ್ಬರಿಗೂ ತುಂಬಾ ಥ್ಯಾಂಕ್ಸ್ ಸರ್. ಇವತ್ತು ಸೋಡಾ ಹಾಕಿ ಮಾಡಿದೆ. ನಾಲ್ಕು ನಿಮಿಷಕ್ಕೆ ಕೆಂಪು ಗಸಿ ಕೂತಿತು, ಆಸಿಡ್ ಹಾಕದ ಟ್ಯೂಬ್ ನೀಲಿಯಾಗೇ ಇತ್ತು. ಪ್ರಶ್ನೆ ಕೇಳಿದವಳ ಕೈಯಲ್ಲೇ ಮಾಡಿಸಿದೆ, ಅವಳ ಮುಖ ನೀವು ನೋಡಬೇಕಿತ್ತು. ಈಗ ಹಾಲು ಟೆಸ್ಟ್ ಮಾಡೋಣ ಅಂತ ಹಟ ಹಿಡಿದಿದ್ದಾಳೆ.

ಪಿಯು ಲ್ಯಾಬ್:
ಖಂಡಿತ ಮಾಡಿಸಿ. ಹಾಲಿನ ಲ್ಯಾಕ್ಟೋಸ್‌ಗೆ ಒಂದು ಕೈ ಖಾಲಿ ಇರುತ್ತದೆ, ಒಡೆಯದೆಯೇ ಬಣ್ಣ ಬರುತ್ತದೆ. ಹಾಲು ಬೆಳ್ಳಗಿರುವುದರಿಂದ ಬಣ್ಣ ಸರಿಯಾಗಿ ಕಾಣಲ್ಲ. ವಿನೆಗರ್ ಹಾಕಿ ಒಡೆಸಿ, ಬಟ್ಟೆಯಲ್ಲಿ ಸೋಸಿ, ತಿಳಿ ನೀರು ಮಾತ್ರ ತೆಗೆದುಕೊಳ್ಳಿ. ನಿಂಬೆಹಣ್ಣು ಬೇಡ, ಅದರ ರಸದಲ್ಲೇ ಸ್ವಲ್ಪ ಗ್ಲೂಕೋಸ್ ಇರುತ್ತದೆ. ಮತ್ತೆ ಆ ತಿಳಿ ನೀರೂ ಹುಳಿಯೇ, ಸೋಡಾ ಮರೆಯಬೇಡಿ.