ಸಹಾಯ ಬೇಕು: ಮ್ಯೂನಿಕ್‌ನಿಂದ ರೋಮ್‌ಗೆ ಒಬ್ಬಳೇ, ರಾತ್ರಿ ರೈಲಿನಲ್ಲಿ

ನಮಸ್ಕಾರ. ನಾನು ದಾವಣಗೆರೆಯವಳು, ಮ್ಯೂನಿಕ್‌ಗೆ ಬಂದು ಎರಡು ವರ್ಷ ಆಯ್ತು. ಡಿಸೆಂಬರ್‌ನಲ್ಲಿ ಇಲ್ಲಿ ಸಂಜೆ 4.30ಕ್ಕೆಲ್ಲ ಕತ್ತಲು. ಮೊದಲ ಚಳಿಗಾಲದಲ್ಲಿ ಆಫೀಸಿನಿಂದ ಮನೆ ಸೇರುವವರೆಗೂ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಲೇ ಇರುತ್ತಿದ್ದೆ. ಅಲ್ಲಿ ರಾತ್ರಿ ಒಂಬತ್ತಾಗಿರುತ್ತಿತ್ತು, ಪಾಪ, ಊಟ ಬಿಟ್ಟು ಕಾಯುತ್ತಿದ್ದರು. ಈಗ ಆ ಭಯ ಇಲ್ಲ. ರಾತ್ರಿ ಹತ್ತಕ್ಕೂ ಯು-ಬಾನ್ (ಇಲ್ಲಿನ ಮೆಟ್ರೋ) ಹತ್ತಿ ಒಬ್ಬಳೇ ಬರುತ್ತೇನೆ.

ಈ ಸಲ ನೈಟ್‌ಜೆಟ್ ರೈಲಿನಲ್ಲಿ ರೋಮ್‌ಗೆ ಹೋಗುವ ಆಸೆ. ಅದರಲ್ಲಿ ಹೆಂಗಸರಿಗೇ ಬೇರೆ ಕಂಪಾರ್ಟ್‌ಮೆಂಟ್ ಸಿಗುತ್ತದೆ ಅಲ್ವಾ, ಹೋದವರು ಯಾರಾದರೂ ಇದ್ದೀರಾ? ಬಾಗಿಲು ಒಳಗಿನಿಂದ ಸರಿಯಾಗಿ ಲಾಕ್ ಆಗುತ್ತದಾ? ರೋಮ್‌ನ ಮುಖ್ಯ ಸ್ಟೇಷನ್ ಟರ್ಮಿನಿ ಹತ್ತಿರವೇ ರೂಮ್ ಮಾಡಲಾ, ಬೇರೆ ಏರಿಯಾ ನೋಡಲಾ? ಸ್ವಂತ ಅನುಭವ ಇದ್ದವರು ದಯವಿಟ್ಟು ಬರೆಯಿರಿ. ಅಮ್ಮನಿಗೆ ಇನ್ನೂ ಹೇಳಿಲ್ಲ, ನಿಮ್ಮ ಉತ್ತರ ಓದಿ ಧೈರ್ಯವಾಗಿ ಹೇಳಬೇಕು.