ಸ್ಟೀಲ್ ಸಿಂಕಿಗೆ ಕಂದು ಚುಕ್ಕೆ, ಒಲೆಗೆ ನೀಲಿ ಬಣ್ಣ: ನೀವು ಹೇಗೆ ತೆಗೆದಿರಿ?

ಕೇಳಿದವರು, ಕುಂಬಳೆ

ನಮ್ಮ ಮನೆಯಿಂದ ಕಡಲಿಗೆ ನಡೆದರೆ ಹತ್ತು ನಿಮಿಷ. ಹೋದ ವರ್ಷ ಅಡುಗೆಮನೆ ಹೊಸದಾಗಿ ಮಾಡಿಸಿದೆವು. ಸಿಂಕ್, ಗ್ಯಾಸ್ ಒಲೆ, ಚಿಮಣಿ ಎಲ್ಲಾ ಸ್ಟೀಲ್. ಫ್ರಿಡ್ಜಿನ ಬಾಗಿಲೂ ಅದೇ. "ತುಕ್ಕಿನ ಹೆದರಿಕೆಯೇ ಬೇಡ" ಎಂದು ಅಂಗಡಿಯವರು ಹೇಳಿದ್ದರು. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಸಿಂಕಿನ ಅಂಚಿಗೆ ಕಂದು ಚುಕ್ಕೆ ಬಂದಿದೆ. ಬರ್ನರಿನ ಸುತ್ತ ಪಾರಿವಾಳದ ಕುತ್ತಿಗೆಯ ಹಾಗೆ ನೀಲಿ, ಹಳದಿ ಬಣ್ಣ. ಫ್ರಿಡ್ಜಿನ ಮೇಲೆ ಮಕ್ಕಳ ಬೆರಳಿನ ಗುರುತು, ಒರೆಸಿದಷ್ಟೂ ಹರಡುತ್ತದೆ.

ಅತ್ತೆ ಹುಣಸೆಹುಳಿ, ಉಪ್ಪು ಹಾಕಿ ಸಿಂಕ್ ತಿಕ್ಕಿದರು. ಎರಡು ದಿನ ಫಳಫಳ. ಆಮೇಲೆ ಚುಕ್ಕೆ ಮೊದಲಿಗಿಂತ ಜಾಸ್ತಿ. ಅವರಿಗೆ ಬೇಡ ಎನ್ನುವ ಹಾಗಿಲ್ಲ, ನನಗೆ ನೋಡಿಕೊಂಡು ಸುಮ್ಮನಿರುವ ಹಾಗಿಲ್ಲ. ದೀಪಾವಳಿಗೆ ನೆಂಟರು ಬರುತ್ತಾರೆ. ಸ್ವಂತ ಕೈಯಿಂದ ಮಾಡಿ ನೋಡಿದವರು ಹೇಳುತ್ತೀರಾ?

ಬದಿಯಡ್ಕದಿಂದ

ನಿಮ್ಮದು ಬಾವಿ ನೀರೋ, ಬೋರ್‌ವೆಲ್ಲೋ? ಅದನ್ನು ಮೊದಲು ನೋಡಿ.

ನಮ್ಮಲ್ಲಿ ಹಿಂದೆ ಸುರಂಗದ ನೀರಿತ್ತು. ಗುಡ್ಡದ ಮುರಕಲ್ಲಿಗೆ ಅಡ್ಡಲಾಗಿ ಕೊರೆದ ಸುರಂಗ, ಬೇಸಿಗೆಯಲ್ಲೂ ಬೆರಳಿನಷ್ಟು ದಪ್ಪ ನೀರು ಬೀಳುತ್ತಿತ್ತು. ಆಗ ಪಾತ್ರೆಗೆ ಕಲೆ ಬಿದ್ದದ್ದು ನನಗೆ ನೆನಪಿಲ್ಲ. ಬೋರ್‌ವೆಲ್ ಕೊರೆಸಿದ ಮೇಲೆ ಶುರುವಾಯಿತು. ರಾತ್ರಿ ಬಕೆಟಿನಲ್ಲಿ ಹಿಡಿದಿಟ್ಟರೆ ಬೆಳಗ್ಗೆ ತಳದಲ್ಲಿ ಕೆಂಪು ಕೆಸರು. ನೀರಿನಲ್ಲಿ ಕರಗಿದ ಕಬ್ಬಿಣ ಗಾಳಿ ಸೋಕಿದ ಮೇಲೆ ತುಕ್ಕಾಗಿ ಕೂರುತ್ತದೆ. ಅದು ಸ್ಟೀಲಿನ ತುಕ್ಕಲ್ಲ, ನೀರು ತಂದು ಅಂಟಿಸಿದ್ದು. ನಾನು ಒಂದು ವರ್ಷ ಸುಮ್ನೆ ಸಿಂಕಿಗೆ ಬೈದೆ.

ಯಾವುದು ಯಾವುದು ಅಂತ ತಿಳಿಯಲು ಉಗುರು ಸಾಕು. ಚುಕ್ಕೆಯ ಮೇಲೆ ಉಗುರು ಅಡ್ಡ ಎಳೆಯಿರಿ. ನುಣ್ಣಗೆ ಜಾರಿದರೆ ಮೇಲಿನ ಕಲೆ, ಹೋಗುತ್ತದೆ. ಉಗುರು ತಡೆದರೆ ಸ್ಟೀಲೇ ತೂತಾಗಿದೆ. ಬಣ್ಣ ಹೋದೀತು, ಗುಂಡಿ ಹೋಗುವುದಿಲ್ಲ.

ಕಲೆಗೆ ನಾನು ಬಳಸುವುದು ಬಿಂಬುಳಿ. ಹಿತ್ತಿಲಲ್ಲಿ ಕಾಂಡಕ್ಕೇ ಗೊಂಚಲು ಗೊಂಚಲಾಗಿ ಅಂಟಿಕೊಂಡು ಬಿಡುತ್ತದಲ್ಲ, ಅದೇ. ನೆರೆಯ ಮಲಯಾಳಿಗಳು ಇರುಂಬನ್ ಪುಳಿ ಅಂತಾರೆ. ಅದರ ಹುಳಿಯಲ್ಲಿ ಆಕ್ಸಾಲಿಕ್ ಆಸಿಡ್ ಇದೆ. ತುಕ್ಕಿನ ಕಲೆಗೆಂದು ಪೇಟೆಯಲ್ಲಿ ಸಿಗುವ ಕೆಲವು ಪುಡಿಗಳಲ್ಲೂ ಇರುವುದು ಅದೇ. ಒಂದು ಕಾಯಿ ಉದ್ದಕ್ಕೆ ಸೀಳಿ, ಸೀಳಿದ ಬದಿಯಿಂದ ಚುಕ್ಕೆಯ ಮೇಲೆ ಮೆಲ್ಲಗೆ ಉಜ್ಜಿ. ರಸ ಹಳದಿಯಾಗಿ, ಮತ್ತೆ ಚಹಾದ ಬಣ್ಣಕ್ಕೆ ತಿರುಗುವುದು ಕಾಣುತ್ತದೆ. ಎರಡು ನಿಮಿಷಕ್ಕಿಂತ ಜಾಸ್ತಿ ಬಿಡಬೇಡಿ. ಚೆನ್ನಾಗಿ ನೀರು ಹೊಯ್ದು, ಒಣ ಬಟ್ಟೆಯಲ್ಲಿ ಒರೆಸಿ. ಕೈಯಲ್ಲಿ ಗಾಯ ಇದ್ದರೆ ಈ ಕೆಲಸ ಬೇಡ, ಉರಿ ತಡೆಯಲಾಗದು.

ಉಪ್ಪಳದಿಂದ

ನಾನು ದುಬೈಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ 14 ವರ್ಷ ಸ್ಟೀಲ್ ತಿಕ್ಕಿದವನು. ಊರಿಗೆ ಬಂದ ಮೇಲೆ ಹೆಂಡತಿ ನನ್ನ ಕೈಗೆ ಸಿಂಕ್ ಬಿಟ್ಟುಕೊಟ್ಟಿದ್ದಾಳೆ, ಹಾಗಾಗಿ ಅನುಭವ ಇನ್ನೂ ಮುಂದುವರಿದಿದೆ.

ಬದಿಯಡ್ಕದ ಅಕ್ಕ ಹೇಳಿದ ಉಗುರಿನ ಲೆಕ್ಕ ಸರಿ. ಆದರೆ ಉಪ್ಪಿನ ಬಗ್ಗೆ ಯಾರೂ ಹೇಳಲಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಅಂದರೆ ತುಕ್ಕೇ ಹಿಡಿಯದ ಲೋಹ ಅಲ್ಲ. ಅದರಲ್ಲಿ ಕಡಿಮೆ ಅಂದರೂ ನೂರಕ್ಕೆ 10.5 ಪಾಲು ಕ್ರೋಮಿಯಂ ಇರುತ್ತದೆ. ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಕಣ್ಣಿಗೆ ಕಾಣದಷ್ಟು ತೆಳು ಪೊರೆ ಕಟ್ಟುತ್ತದೆ. ಗೀರು ಬಿದ್ದರೂ ಪೊರೆ ಪುನಃ ತಾನೇ ಕೂಡಿಕೊಳ್ಳುತ್ತದೆ. ಆ ಪೊರೆಯನ್ನು ಚುಚ್ಚುವುದು ಉಪ್ಪು. ಉಪ್ಪಿನ ಜೊತೆ ಹುಳಿ ಸೇರಿದರೆ ಇನ್ನೂ ಬೇಗ.

ನಿಮ್ಮ ಅತ್ತೆಯವರನ್ನು ದೂರಬೇಡಿ. ಹಿತ್ತಾಳೆ, ತಾಮ್ರಕ್ಕೆ ಹುಳಿ ಉಪ್ಪು ಸರಿಯಾದ ಮದ್ದೇ. ಸ್ಟೀಲಿಗೆ ಅದು ಆಗುವುದಿಲ್ಲ, ಅಷ್ಟೆ. ಉಪ್ಪು ಹಾಕದೆ ಬರೀ ಹುಳಿಯಿಂದ ತಿಕ್ಕುತ್ತೇನೆ ಅಂದರೂ ಭರಣಿಯ ಹುಳಿ ಬೇಡ. ನಮ್ಮ ಕಡೆ ಹುಳಿಯನ್ನು ಉಪ್ಪು ಸೇರಿಸಿಯೇ ಉಂಡೆ ಕಟ್ಟಿಡುವುದಲ್ವಾ! ಇನ್ನು ಕಡಲ ಗಾಳಿಯಲ್ಲೂ ಉಪ್ಪಿದೆ. ಕಡಲ ಹತ್ತಿರ ಸ್ಟೀಲಿನ ಮೇಲೆ ಚಹಾ ಚೆಲ್ಲಿದ ಹಾಗೆ ಕಂದು ಮಾಸಲು ಕಟ್ಟುವುದು ಹೀಗೆಯೇ. ಕಿಟಕಿ ಬದಿಯ ಸ್ಟೀಲಿಗೆ ವಾರಕ್ಕೊಮ್ಮೆಯಾದರೂ ಸಿಹಿ ನೀರು ಮುಟ್ಟಿಸಿ ಒರೆಸಬೇಕು.

ತೊಳೆಯುವ ಕ್ರಮ ಹೇಳುತ್ತೇನೆ. ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ, ಮೆತ್ತನೆ ಬಟ್ಟೆ. ಮೈಕ್ರೋಫೈಬರ್ ಇದ್ದರೆ ಒಳ್ಳೆಯದು, ಹಳೆ ಬನಿಯನ್ ಆದರೂ ನಡೆಯುತ್ತದೆ. ಸ್ಟೀಲನ್ನು ಬೆಳಕಿಗೆ ಓರೆಯಾಗಿ ನೋಡಿ, ನೂಲಿನ ಹಾಗೆ ಸಣ್ಣ ಗೆರೆಗಳು ಒಂದೇ ದಿಕ್ಕಿಗೆ ಓಡುತ್ತವೆ. ಬಟ್ಟೆ ಆ ದಿಕ್ಕಿಗೇ ಹೋಗಬೇಕು. ಸುತ್ತು ಸುತ್ತು ಒರೆಸಿದರೆ ಮಂಡಲ ಬರೆದ ಹಾಗೆ ಉಳಿಯುತ್ತದೆ. ಆಮೇಲೆ ಬರೀ ನೀರಿನ ಬಟ್ಟೆ ಎರಡು ಸಲ, ಕೊನೆಗೆ ಒಣ ಬಟ್ಟೆ. ಈ ಕೊನೆಯ ಒಣ ಬಟ್ಟೆಯನ್ನೇ ನಾವು ಬಿಡುವುದು. ನಮ್ಮ ಸೂಪರ್‌ವೈಸರ್ ರಾತ್ರಿ ಹನ್ನೆರಡಕ್ಕೆ ಟಾರ್ಚ್ ಹಿಡಿದು, ಕೆನ್ನೆಯನ್ನು ಮೇಜಿಗೆ ತಾಗಿಸಿ ನೋಡುತ್ತಿದ್ದ. ಒಂದು ನೀರಿನ ಹನಿಯ ಗುರುತು ಕಂಡರೂ ಇಡೀ ಮೇಜು ಪುನಃ.

ಒಣಗಿದ ಮೇಲೆ ಬಟ್ಟೆಗೆ ಒಂದು ಹನಿ ತೆಂಗಿನೆಣ್ಣೆ ಮುಟ್ಟಿಸಿ ಫ್ರಿಡ್ಜಿನ ಮೇಲೆ ಎಳೆಯಿರಿ, ಇನ್ನೊಂದು ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಬೆರಳಿನ ಗುರುತು ಕಡಿಮೆ ಕಾಣುತ್ತದೆ. ಈಗಿನ ಎಣ್ಣೆ ರೇಟಿಗೆ ಒಂದು ಹನಿಗಿಂತ ಜಾಸ್ತಿ ಹಾಕಲು ಯಾರಿಗೂ ಮನಸ್ಸು ಬರಲಿಕ್ಕಿಲ್ಲ, ಅದೂ ಒಳ್ಳೆಯದೇ. ಜಾಸ್ತಿಯಾದರೆ ಧೂಳು ಹಿಡಿಯುತ್ತದೆ. ಒಲೆಯ ಮೇಲೆ ಮಾತ್ರ ಎಣ್ಣೆ ಬೇಡ.

ಒಂದು ಸಂಶಯ: ರಾತ್ರಿ ಪಾತ್ರೆ ತೊಳೆದ ಮೇಲೆ ಕಬ್ಬಿಣದ ನಾರನ್ನು ಸಿಂಕಿನ ಅಂಚಿನಲ್ಲೇ ಇಡುತ್ತೀರಾ? ಅದರ ಪುಡಿ ಉದುರಿ, ಸ್ಟೀಲಿಗೆ ಅಂಟಿ ತುಕ್ಕು ಹಿಡಿಯುತ್ತದೆ. ಚುಕ್ಕೆ ಅಂಚಿನಲ್ಲೇ ಇದೆ ಅಂದಿರಲ್ಲ, ಅದಕ್ಕೆ ಕೇಳಿದೆ.

ಮಂಜೇಶ್ವರದಿಂದ

ನನ್ನದು ಮಾಡಬಾರದ್ದರ ಅನುಭವ. ಟಾಯ್ಲೆಟ್ ತೊಳೆಯುವ ಆಸಿಡನ್ನು ಸಿಂಕಿಗೆ ಹಾಕಿದೆ. ಐದೇ ನಿಮಿಷ. ಹೊಳಪು ಹೋಗಿ ಬೂದಿ ಬಣ್ಣ, ವರ್ಷವಾದರೂ ಬರಲಿಲ್ಲ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಸಿಡ್, ಸ್ಟೀಲಿಗೆ ಅದಕ್ಕಿಂತ ದೊಡ್ಡ ವೈರಿ ಇಲ್ಲ. ಬಟ್ಟೆ ಬಿಳಿ ಮಾಡುವ ಬ್ಲೀಚೂ ಬೇಡ. ಬ್ಲೀಚ್ ಮೇಲೆ ವಿನೆಗರನ್ನೋ ಆಸಿಡನ್ನೋ ಹಾಕಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ, ಮುಚ್ಚಿದ ಅಡುಗೆಮನೆಯಲ್ಲಿ ಉಸಿರು ಕಟ್ಟುತ್ತದೆ.

ಪೆರ್ಲದಿಂದ

ಇಷ್ಟೆಲ್ಲ ಯಾಕೆ ಮಾರಾಯ್ರೇ? ಒಲೆಯ ಬೂದಿ, ತೆಂಗಿನ ನಾರು. ನಮ್ಮ ಅಜ್ಜಿಯ ಸ್ಟೀಲ್ ಕೊಡಪಾನ ಇವತ್ತಿಗೂ ಕನ್ನಡಿ.

ಉಪ್ಪಳದಿಂದ

ಕೊಡಪಾನಕ್ಕೆ ಸರಿ. ಬೂದಿ ಜಿಡ್ಡು ಎಳೆಯುತ್ತದೆ, ನಾನೂ ಒಪ್ಪುತ್ತೇನೆ. ಆದರೆ ಜರಡಿ ಹಿಡಿಯದ ಬೂದಿಯಲ್ಲಿ ಒಂದು ಮರಳಿನ ಕಣ ಇದ್ದರೂ ಫ್ರಿಡ್ಜಿನ ಬಾಗಿಲಲ್ಲಿ ಉದ್ದ ಗೀರು. ಅಜ್ಜಿಯ ಕೊಡಪಾನದಲ್ಲಿ ಸಾವಿರ ಗೀರು ಇದೆ, ಅದಕ್ಕೇ ಹೊಸ ಗೀರು ಕಾಣುವುದಿಲ್ಲ.

ಅಕ್ಕಲಕೋಟೆಯಿಂದ

ಅಕ್ಕಾರ, ನಿಮಗೆ ಕೆಂಪು ಕಲೆ, ನಮಗೆ ಬಿಳಿ. ಇಲ್ಲಿ ಬೋರಿನ ನೀರು ಸವುಳು. ಸಿಂಕ್ ಒಣಗಿದರೆ ಸುಣ್ಣ ಬಳಿದ ಹಾಗೆ. ನಿಜಕ್ಕೂ ಸುಣ್ಣದ ಜಾತಿಯದೇ ಅದು, ನೀರಿನ ಕ್ಯಾಲ್ಸಿಯಂ. ಸೋಪಿಗೆ ಜಪ್ಪಯ್ಯ ಅಂದರೂ ಹೋಗುವುದಿಲ್ಲ, ಹುಳಿಗೆ ಕರಗುತ್ತದೆ. ವಿನೆಗರ್ ಒಂದು ಪಾಲು, ನೀರು ಒಂದು ಪಾಲು, ಅದರಲ್ಲಿ ಬಟ್ಟೆ ಅದ್ದಿ ಕಲೆಯ ಮೇಲೆ ಹಾಸಿ. ಹತ್ತು ನಿಮಿಷದ ಮೇಲೆ ಒರೆಸಿ ತೊಳೆಯಿರಿ. ಸ್ಟೀಲ್ ಕೆಟಲ್ ಒಳಗೆ ಪದರ ಕಟ್ಟಿದ್ದರೆ ಎರಡು ನಿಂಬೆಹಣ್ಣಿನ ರಸ ಹಾಕಿ ನೀರು ಕುದಿಸಿ, ಒಂದು ತಾಸು ಬಿಟ್ಟು ಚೆಲ್ಲಿ. ಪದರ ಹೊಟ್ಟಿನ ಹಾಗೆ ಎದ್ದು ಬರುತ್ತದೆ.

ನಿಮ್ಮ ಒಲೆಯ ನೀಲಿ ಬಣ್ಣಕ್ಕೂ ಇದೇ ವಿನೆಗರ್ ನೀರು. ಅದು ಕೊಳೆ ಅಲ್ಲ. ಜಾಸ್ತಿ ಕಾದಾಗ ಸ್ಟೀಲಿನ ಮೇಲಿನ ಪೊರೆ ದಪ್ಪ ಆಗಿ ಬಣ್ಣ ಕಾಣುತ್ತದೆ. ಒಲೆ ಪೂರ್ತಿ ಆರಿದ ಮೇಲೆ, ರೆಗ್ಯುಲೇಟರ್ ಬಂದ್ ಮಾಡಿ ಒರೆಸಿ.

ಇನ್ನೊಂದು. ರೊಟ್ಟಿ ಹಿಟ್ಟಿಗೆ ಎಸರಿಡುವಾಗ ತಣ್ಣೀರಿಗೇ ಉಪ್ಪು ಹಾಕುವ ಅಭ್ಯಾಸ ನನಗಿತ್ತು. ಉಪ್ಪಿನ ಹರಳು ತಳದಲ್ಲಿ ಕೂತು, ಕೂತಲ್ಲೇ ಸಾಸಿವೆಯಷ್ಟು ಗುಂಡಿ. ಒಂದು ಒಳ್ಳೆ ಪಾತ್ರೆ ಹಾಳಾಯಿತು. ಈಗ ನೀರು ಕುದಿ ಬಂದ ಮೇಲೆ ಉಪ್ಪು ಹಾಕಿ, ಚಮಚ ಆಡಿಸುತ್ತೇನೆ.

ಹೊಸೂರಿನಿಂದ

ಚಿಮಣಿಯ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ಫಿಲ್ಟರಲ್ಲಿ ಎರಡು ಜಾತಿ. ಪಟ್ಟಿ ಪಟ್ಟಿಯಾಗಿ ಮಡಚಿದ ಸ್ಟೀಲ್ ಬ್ಯಾಫಲ್ ಒಂದು. ಬಲೆಯ ಹಾಗಿರುವುದು ಇನ್ನೊಂದು, ಅದು ಹೆಚ್ಚಾಗಿ ಅಲ್ಯೂಮಿನಿಯಂ. ಸ್ಟೀಲ್ ಆದರೆ ದೊಡ್ಡ ಟಬ್ಬಿನಲ್ಲಿ ಬಿಸಿನೀರು, ಮೂರು ನಾಲ್ಕು ಚಮಚ ವಾಷಿಂಗ್ ಸೋಡಾ, ಸ್ವಲ್ಪ ಲಿಕ್ವಿಡ್, ಅರ್ಧ ಗಂಟೆ ಮುಳುಗಿಸಿಡಿ. ಕೈಗೆ ಗ್ಲೌಸ್ ಇರಲಿ. ಒಗ್ಗರಣೆಯ ಜಿಡ್ಡು ಬೆಲ್ಲದ ಪಾಕದ ಹಾಗೆ ಇಳಿಯುತ್ತದೆ. ಬಲೆಯದ್ದನ್ನು ನಾನು ಹೀಗೆ ಮುಳುಗಿಸಿ, ಮೀಟಿಂಗ್ ಮುಗಿಸಿ ಬಂದು ನೋಡಿದರೆ ಕಪ್ಪು! ಅಲ್ಯೂಮಿನಿಯಂಗೆ ಸೋಡಾ ಆಗದು. ಅದಕ್ಕೆ ಬಿಸಿನೀರು, ಲಿಕ್ವಿಡ್ ಎರಡೇ ಸಾಕು.

ಚಿಮಣಿಯ ಹೊರಮೈಗೆ ನೇರ ಸ್ಪ್ರೇ ಮಾಡಬೇಡಿ. ಸ್ವಿಚ್ಚಿನ ಒಳಗೆ ನೀರು ಇಳಿಯುತ್ತದೆ. ಬಟ್ಟೆಗೆ ಸ್ಪ್ರೇ ಮಾಡಿ ಒರೆಸಿ.

ಮತ್ತೆ ಫ್ರಿಡ್ಜ್. ಈಗಿನ ಕೆಲವು ಬಾಗಿಲುಗಳಿಗೆ ಬೆರಳಿನ ಗುರುತು ಬೀಳದ ಹಾಗೆ ಮೇಲೊಂದು ಪದರ ಕೊಟ್ಟಿರುತ್ತಾರೆ. ಅಂಥದ್ದಕ್ಕೆ ವಿನೆಗರ್, ಬಿಂಬುಳಿ, ಸೋಡಾ ಯಾವುದೂ ಬೇಡ. ಸೋಪಿನ ನೀರು ಮಾತ್ರ. ಫ್ರಿಡ್ಜಿನ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿರುತ್ತದೆ, ಒಮ್ಮೆ ತೆಗೆದು ನೋಡಿ. ನಾವು ಅದನ್ನು ವಾರಂಟಿ ಕಾರ್ಡಿನ ಜೊತೆ ಭದ್ರವಾಗಿಟ್ಟು ಮರೆಯುತ್ತೇವೆ.

ಯಾರಾದರೂ ಹೇಳಿ, ಅಯಸ್ಕಾಂತ ಅಂಟಿದರೆ ಡೂಪ್ಲಿಕೇಟ್ ಸ್ಟೀಲ್ ಅನ್ನುವುದು ನಿಜವಾ? ನಮ್ಮ ಫ್ರಿಡ್ಜಿಗೆ ಅಂಟುತ್ತದೆ, ಸಿಂಕಿಗೆ ಅಂಟುವುದಿಲ್ಲ.

ಉಪ್ಪಳದಿಂದ

ಡೂಪ್ಲಿಕೇಟ್ ಅಲ್ಲ. 304 ಎಂಬ ಗ್ರೇಡಿನಲ್ಲಿ ಸುಮಾರು ನೂರಕ್ಕೆ 18 ಕ್ರೋಮಿಯಂ, 8 ನಿಕಲ್. ಅದಕ್ಕೆ ಅಯಸ್ಕಾಂತ ಸಾಮಾನ್ಯವಾಗಿ ಅಂಟುವುದಿಲ್ಲ. 430 ಎಂಬುದರಲ್ಲಿ ಕ್ರೋಮಿಯಂ ಇದೆ, ನಿಕಲ್ ಹಾಕುವುದಿಲ್ಲ, ಅದಕ್ಕೆ ಅಂಟುತ್ತದೆ. ಅದೂ ಸ್ಟೇನ್‌ಲೆಸ್ಸೇ, ಉಪ್ಪಿನ ಎದುರು ಸ್ವಲ್ಪ ಬಲ ಕಡಿಮೆ. ಅಂಟದಿದ್ದರೆ ಒಳ್ಳೆಯದೇ ಅಂತಲೂ ಇಲ್ಲ. ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿದ 200ರ ಗುಂಪಿನ ಅಗ್ಗದ ಸ್ಟೀಲಿಗೂ ಅಂಟುವುದಿಲ್ಲ, ಅದು 304ಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ. ಕಡಲ ಬದಿಗೆ ಅಂತಲೇ 316 ಇದೆ, ಮಾಲಿಬ್ಡಿನಂ ಸೇರಿಸಿದ್ದು. ದುಡ್ಡು ಜಾಸ್ತಿ. ಅಡುಗೆಮನೆಯ ಸಿಂಕಿಗೆ ಅಷ್ಟು ಬೇಕಾಗಿಲ್ಲ, ಒಣ ಬಟ್ಟೆ ಇದ್ದರೆ ಆಯಿತು.

ಕೇಳಿದವರು, ಕುಂಬಳೆ

ಹತ್ತು ದಿನ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ಉಪ್ಪಳದ ಅಣ್ಣ ಹೇಳಿದ್ದು ಹೌದು. ನಲ್ಲಿಯ ಹಿಂದೆ ಕಬ್ಬಿಣದ ನಾರು ಒದ್ದೆಯಾಗಿ ಕೂತಿತ್ತು. ಎತ್ತಿದರೆ ಅಡಿಯಲ್ಲಿ ಅದೇ ಆಕಾರದ ಕಂದು ವೃತ್ತ. ಎಸೆದೆ. ಈಗ ಒಣಗಿದ ಹೀರೆಕಾಯಿಯ ನಾರು ಬಳಸುತ್ತಿದ್ದೇವೆ. ಉಗುರು ಎಳೆದು ನೋಡಿದೆ, ಹೆಚ್ಚಿನವು ಜಾರಿದವು, ಮೂರು ಚುಕ್ಕೆ ಮಾತ್ರ ತಡೆಯಿತು. ಪಕ್ಕದ ಮನೆಯಿಂದ ಬಿಂಬುಳಿ ತಂದು ಉಜ್ಜಿದೆ. ಜಾರಿದವೆಲ್ಲ ಮಾಯ. ಒಲೆಯ ನೀಲಿ ವಿನೆಗರಿಗೆ ಹೋಯಿತು, ಚೂರು ಹಳದಿ ಉಳಿದಿದೆ, ಇರಲಿ. ಫ್ರಿಡ್ಜಿನ ಪುಸ್ತಕ ಸಿಕ್ಕಿತು. ಮೇಲ್ಪದರ ಇದೆಯಂತೆ, ಸೋಪಿನ ನೀರು ಬಿಟ್ಟು ಏನೂ ಮುಟ್ಟಿಸಬಾರದಂತೆ. ಎಣ್ಣೆ ಉಳಿಯಿತು!

ಅತ್ತೆಗೆ ಏನೂ ಹೇಳಲಿಲ್ಲ. ದೀಪಾವಳಿ ಬಂತಲ್ಲ, ಅಟ್ಟದಿಂದ ಹಿತ್ತಾಳೆ ದೀಪಗಳನ್ನೆಲ್ಲ ಇಳಿಸಿ ಅವರ ಮುಂದಿಟ್ಟೆ. ಹುಳಿ ಉಪ್ಪು ಅಲ್ಲಿಗೆ ಹೋಯಿತು. ಉಳಿದ ಬಿಂಬುಳಿಯನ್ನು ಸಿಂಕಿಗೆ ಹಾಕಿ ಹಾಳು ಮಾಡಬೇಡ ಎಂದು ಅವರೇ ಉಪ್ಪಿನಕಾಯಿ ಹಾಕಿದ್ದಾರೆ.

ಆ ಮೂರು ಗುಂಡಿ ಮಾತ್ರ ಹೋಗಲಿಲ್ಲ. ನೆಂಟರಿಗೆ ಕಾಣದ ಹಾಗೆ ಅದರ ಮೇಲೆ ಸೋಪಿನ ಡಬ್ಬಿ ಇಟ್ಟಿದ್ದೇನೆ.

ಉಪ್ಪಳದಿಂದ

ಡಬ್ಬಿ ತೆಗೆಯಿರಿ ತಂಗೀ! ಅಡಿಯಲ್ಲಿ ನೀರು ನಿಂತು ಗಾಳಿ ಆಡದಿದ್ದರೆ ಪೊರೆ ಕಟ್ಟುವುದೇ ಇಲ್ಲ. ಮೂರು ಇದ್ದದ್ದು ಮುಂದಿನ ದೀಪಾವಳಿಗೆ ಹತ್ತಾಗುತ್ತದೆ.